ಆಟಿಸಂ ಇರುವ ಪ್ರತಿ ಮಗುವಿಗೂ ಕ್ಯಾನ್ಸರ್ ಜೀನ್ ಪರೀಕ್ಷೆ ಬೇಕೇ?

ಕೆಲವು ಜೀನ್‌ಗಳು ಕೆಟ್ಟರೆ ಆಟಿಸಂ ಕಾಣಿಸಿಕೊಳ್ಳಬಹುದು. ಅವುಗಳಲ್ಲೇ ಒಂದಷ್ಟು ಮುಂದೆ ಕ್ಯಾನ್ಸರ್‌ಗೂ ದಾರಿ ಮಾಡಿಕೊಡುತ್ತವೆ. ಇಷ್ಟರ ಬಗ್ಗೆ ಜಗಳ ಇಲ್ಲ. ಜಗಳ ಇರುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಆಟಿಸಂ ಎಂದು ಗೊತ್ತಾದ ಪ್ರತಿ ಮಗುವಿನಲ್ಲೂ ಈ ಜೀನ್‌ಗಳನ್ನು ಹುಡುಕಿ ನೋಡಬೇಕೇ?

ಪರ: ನೋಡಲೇಬೇಕು

ಒಂದು ಟೇಪಿನಿಂದ ಶುರು ಮಾಡೋಣ. ಬಟ್ಟೆ ಅಳೆಯುವಂಥದ್ದೇ ಟೇಪು. ಮಗುವಿನ ತಲೆಯ ಸುತ್ತಳತೆ ನೋಡಲು ಅರ್ಧ ನಿಮಿಷ ಸಾಕು. ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ತಲೆ ತುಂಬಾ ದೊಡ್ಡದಿದ್ದರೆ ಮನೆಯವರು ಏನೆನ್ನುತ್ತಾರೆ? "ಅವರಪ್ಪನ ತಲೆಯೂ ಹೀಗೇ" ಎಂದು ನಕ್ಕುಬಿಡುತ್ತಾರೆ. ಆ ಮಾತನ್ನು ಸುಮ್ನೆ ಬಿಡಬಾರದು. ಏಕೆಂದರೆ ಕೆಟ್ಟ ಜೀನ್ ಒಂದು ಆ ಅಪ್ಪನಿಂದಲೇ ಮಗುವಿಗೆ ಬಂದಿರಬಹುದು.

ಆ ಜೀನ್‌ನ ಹೆಸರು ಪಿಟೆನ್. 10ನೇ ಕ್ರೋಮೋಸೋಮಿನಲ್ಲಿದೆ. 1997ರಲ್ಲಿ ಇದನ್ನು ಪತ್ತೆ ಮಾಡಿದವರು ಕ್ಯಾನ್ಸರ್ ಸಂಶೋಧಕರು. ಗಡ್ಡೆಗಳಲ್ಲಿ ಮತ್ತೆ ಮತ್ತೆ ಕಾಣೆಯಾಗುತ್ತಿದ್ದ ಜೀನ್ ಯಾವುದು ಎಂದು ಹುಡುಕುತ್ತಿದ್ದವರು ಅವರು. ಆಟಿಸಂ ಅವರ ಲೆಕ್ಕದಲ್ಲೇ ಇರಲಿಲ್ಲ. 2005ರಲ್ಲಿ ಇನ್ನೊಂದು ತಂಡ, ಆಟಿಸಂ ಜೊತೆಗೆ ದೊಡ್ಡ ತಲೆಯೂ ಇದ್ದ 18 ಮಂದಿಯನ್ನು ಪರೀಕ್ಷಿಸಿತು. ಮೂವರಲ್ಲಿ ಪಿಟೆನ್ ಕೆಟ್ಟಿತ್ತು. ಆರರಲ್ಲಿ ಒಬ್ಬರು! ಚಿಕ್ಕ ಗುಂಪು ಎಂಬುದು ನಿಜ. ಆದರೆ ಆಮೇಲೆ ದೊಡ್ಡ ತಲೆಯ ಮಕ್ಕಳನ್ನು ನೋಡಿದ ಬೇರೆಯವರಿಗೂ ಪಿಟೆನ್ ಸಿಗುತ್ತಲೇ ಬಂದಿದೆ.

ಒಂದೇ ಜೀನ್ ಮಿದುಳಿನಲ್ಲೊಂದು, ಥೈರಾಯ್ಡ್‌ನಲ್ಲೊಂದು ತೊಂದರೆ ಕೊಡುವುದು ಹೇಗೆ? ಪಿಟೆನ್‌ನ ಕೆಲಸ ಸರಳ. ಜೀವಕೋಶಕ್ಕೆ "ಸಾಕು, ಇನ್ನು ಬೆಳೆಯಬೇಡ" ಎಂದು ಹೇಳುವುದು. ನಮ್ಮ ಪ್ರತಿ ಕೋಶದಲ್ಲೂ ಇದರ ಎರಡು ಪ್ರತಿಗಳಿವೆ. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿದ್ದರೆ ಆ ಮಾತಿನ ಜೋರು ಅರ್ಧಕ್ಕೆ ಇಳಿಯುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅಷ್ಟು ಸಾಕು ಕೆಡಲು. ನರಕೋಶಗಳು ದಪ್ಪವಾಗುತ್ತವೆ, ಬೇಡದಷ್ಟು ಕವಲೊಡೆಯುತ್ತವೆ, ಒಂದಕ್ಕೊಂದು ಸೇರಿಕೊಳ್ಳುವ ರೀತಿ ಬದಲಾಗುತ್ತದೆ. ತಲೆಯೂ ದೊಡ್ಡದಾಗುತ್ತದೆ.

ಥೈರಾಯ್ಡ್, ಸ್ತನ, ಗರ್ಭಕೋಶದ ಒಳಪದರ ಹಾಗಲ್ಲ. ಅಲ್ಲಿನ ಕೋಶಗಳು ಒಡೆದು ಎರಡಾಗುವುದನ್ನು ನಿಲ್ಲಿಸುವುದಿಲ್ಲ. ಹೀಗೆ ಒಡೆಯುತ್ತಾ ಒಡೆಯುತ್ತಾ ಯಾವುದೋ ಒಂದು ಕೋಶದಲ್ಲಿ ಎರಡನೆಯ ಪ್ರತಿಯೂ ಹಾಳಾಗುತ್ತದೆ. ಆಮೇಲೆ ಅದಕ್ಕೆ "ಸಾಕು" ಎನ್ನುವವರೇ ಇಲ್ಲ. 1971ರಲ್ಲಿ ಆಲ್‌ಫ್ರೆಡ್ ನುಡ್ಸನ್ ಎಂಬ ಅಮೆರಿಕದ ವೈದ್ಯ ಮಕ್ಕಳ ಕಣ್ಣಿನ ಕ್ಯಾನ್ಸರನ್ನು ನೋಡಿ ಹೇಳಿದ್ದ "ಎರಡು ಪೆಟ್ಟು" ಲೆಕ್ಕ ಇದೇ. ಮೊದಲ ಪೆಟ್ಟು ಹುಟ್ಟಿನಲ್ಲೇ ಬಿದ್ದಿರುತ್ತದೆ. ಎರಡನೆಯದು ಬೀಳಲು ಎಷ್ಟೋ ವರ್ಷ ಹಿಡಿಯಬಹುದು.

ಆ ವರ್ಷಗಳೇ ನಮಗೆ ಸಿಕ್ಕಿರುವ ಅವಕಾಶ. ಪಿಟೆನ್ ಕೆಟ್ಟಿರುವ ಹೆಂಗಸರಿಗೆ ಜೀವನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಎಂದು ಹೆಚ್ಚಿನ ಲೆಕ್ಕಗಳು ಹೇಳುತ್ತವೆ. ಮೊದಲೇ ಗೊತ್ತಿದ್ದರೆ ಚಿಕ್ಕಂದಿನಿಂದ ವರ್ಷಕ್ಕೊಮ್ಮೆ ಥೈರಾಯ್ಡ್ ಅಲ್ಟ್ರಾಸೌಂಡ್ ಮಾಡಿಸಬಹುದು, 30ರ ಆಸುಪಾಸಿನಿಂದ ಸ್ತನಗಳ ಸ್ಕ್ಯಾನ್ ಶುರು ಮಾಡಬಹುದು. ಇನ್ನೂ ಒಂದು ಮಾತು. ಕೆಟ್ಟ ಪ್ರತಿ ತಾಯಿಯಿಂದಲೂ ಬಂದಿರಬಹುದಲ್ವಾ? ಮಗನ ಮಾತು ತಡವಾಯಿತು ಎಂದು ಡಾಕ್ಟರ ಹತ್ತಿರ ಬಂದ ತಾಯಿಗೆ, ತನ್ನ ಎದೆಯಲ್ಲಿ ಬೆಳೆಯುತ್ತಿರುವ ಗಂಟು ಆರಂಭದಲ್ಲೇ ಗೊತ್ತಾಗಬಹುದು. ನನಗೆ ಪರೀಕ್ಷೆಯ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ಕಾಯಿಲೆ ಇದೆ. ಸುಮಾರು 6,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಆಟಿಸಂ ಇರುತ್ತದೆ. ಇದಕ್ಕೆ ಕಾರಣವಾದ ಟಿಎಸ್‌ಸಿ1, ಟಿಎಸ್‌ಸಿ2 ಜೀನ್‌ಗಳೂ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವಂಥವೇ. ಅವು ಕೆಟ್ಟರೆ ಮಿದುಳು, ಹೃದಯ, ಮೂತ್ರಪಿಂಡಗಳಲ್ಲಿ ಗಡ್ಡೆ ಬೆಳೆಯುತ್ತದೆ. ಇಲ್ಲಿ ಔಷಧಿಯೂ ಇದೆ. ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಸಿಕ್ಕ ರಾಪಾಮೈಸಿನ್ ಎಂಬ ಔಷಧಿಯನ್ನೇ ತಿದ್ದಿ ಎವರೊಲಿಮಸ್ ಮಾಡಿದರು. ಈ ಕಾಯಿಲೆಯಲ್ಲಿ ಬರುವ ಒಂದು ಬಗೆಯ ಮಿದುಳಿನ ಗಡ್ಡೆಗೆ ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅಂದರೆ ಜೀನ್ ಗೊತ್ತಾದ ಮೇಲೆ ಕೈಕಟ್ಟಿ ಕೂರಬೇಕಾಗಿಲ್ಲ.

ಕೊನೆಯದಾಗಿ, ಮಾತಾಡದ ಮಗುವಿನ ವಿಚಾರ. ಹೊಟ್ಟೆನೋವು ಎಂದು ಹೇಳಲು ಬಾರದ ಮಗು ತಲೆ ಚಚ್ಚಿಕೊಳ್ಳುತ್ತದೆ, ಊಟ ಬಿಡುತ್ತದೆ, ರಾತ್ರಿ ಕಿರುಚುತ್ತದೆ. ನೋಡುವವರು "ಆಟಿಸಂ ಅಲ್ವಾ, ಹಾಗೇ" ಎಂದುಬಿಡುತ್ತಾರೆ. ಗಡ್ಡೆ ಅಷ್ಟು ದಿನ ಬೆಳೆಯುತ್ತಲೇ ಇರುತ್ತದೆ. ತನ್ನ ನೋವನ್ನು ತಾನೇ ಹೇಳಲಾಗದವರಿಗೆ ಮೊದಲೇ ಎಚ್ಚರಿಸುವ ಪರೀಕ್ಷೆ ಬೇರೆಯವರಿಗಿಂತ ಜಾಸ್ತಿ ಬೇಕು. ಅಮೆರಿಕದ ವೈದ್ಯಕೀಯ ತಳಿಶಾಸ್ತ್ರ ಕಾಲೇಜು ಎಂಬ ತಳಿ ವೈದ್ಯರ ಸಂಘ 2013ರಲ್ಲೇ 56 ಜೀನ್‌ಗಳ ಪಟ್ಟಿ ಮಾಡಿ, ಬೇರೆ ಕಾರಣಕ್ಕೆ ಪರೀಕ್ಷೆ ಮಾಡುವಾಗಲೂ ಇವುಗಳಲ್ಲಿ ದೋಷ ಕಂಡರೆ ತಿಳಿಸಿ ಎಂದಿತ್ತು. ಪಿಟೆನ್ ಆ ಪಟ್ಟಿಯಲ್ಲಿದೆ, ಟಿಎಸ್‌ಸಿಯ ಎರಡೂ ಇವೆ. ಹೇಗೂ ನೋಡುವುದೇ ಆದರೆ ಪೂರ್ತಿ ನೋಡಿ.

ವಿರೋಧ: ಎಲ್ಲರಿಗೂ ಬೇಡ

ಟೇಪಿನ ಮಾತಿಗೆ ನನ್ನದೂ ಒಪ್ಪಿಗೆ ಇದೆ. ತಲೆ ಅಳೆಯಿರಿ, ದೊಡ್ಡದಿದ್ದರೆ ಪಿಟೆನ್ ನೋಡಿ. ಆದರೆ ಪ್ರಶ್ನೆ ಅದಲ್ಲವಲ್ಲ! ಪ್ರಶ್ನೆ ಇರುವುದು "ಪ್ರತಿ ಮಗು" ಎಂಬುದರ ಬಗ್ಗೆ. 18ರಲ್ಲಿ ಮೂವರು ಸಿಕ್ಕಿದ್ದು ಎಲ್ಲಿ? ದೊಡ್ಡ ತಲೆಯವರನ್ನೇ ಆರಿಸಿ ತಂದ ಗುಂಪಿನಲ್ಲಿ. ಆಟಿಸಂ ಇರುವ ಎಲ್ಲರನ್ನೂ ತೆಗೆದುಕೊಂಡರೆ ಪಿಟೆನ್ ಕೆಟ್ಟಿರುವವರು ನೂರಕ್ಕೆ ಒಂದಿಬ್ಬರು ಸಿಕ್ಕರೆ ಹೆಚ್ಚು. ಉಳಿದವರಿಗೆ ಆಟಿಸಂ ಬರುವುದು ಬೇರೆ ದಾರಿಗಳಿಂದ. ಎಷ್ಟೋ ಜನರಲ್ಲಿ ಅದು ನೂರಾರು ಸಣ್ಣ ಸಣ್ಣ ವ್ಯತ್ಯಾಸಗಳು ಒಟ್ಟು ಸೇರಿ ಬಂದದ್ದು. ಅಂಥ ವ್ಯತ್ಯಾಸಗಳು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ.

"ಆಟಿಸಂ ಮತ್ತು ಕ್ಯಾನ್ಸರ್ ಹಂಚಿಕೊಳ್ಳುವ 43 ಜೀನ್‌ಗಳು" ಎಂಬ ಪಟ್ಟಿ 2016ರಲ್ಲಿ ಬಂತು. ಓದಿದವರಿಗೆ ಎದೆ ಧಸಕ್ಕೆನ್ನಬೇಕು, ನಿಜ. ಆದರೆ ಇಂಥ ಪಟ್ಟಿಯನ್ನು ಓದುವಾಗ ಒಂದು ವ್ಯತ್ಯಾಸ ಮರೆಯಬಾರದು. ಆಟಿಸಂಗೆ ಕಾರಣವಾದ ಬದಲಾವಣೆ ಹುಟ್ಟಿನಿಂದಲೇ ಮೈಯ ಕೋಶಗಳಲ್ಲೆಲ್ಲ ಇರುವಂಥದ್ದು. ಕ್ಯಾನ್ಸರ್ ಪಟ್ಟಿಗಳಲ್ಲಿ ಬರುವ ಬಹಳಷ್ಟು ಬದಲಾವಣೆಗಳು ಹಾಗಲ್ಲ. ಅವು ಹುಟ್ಟಿದ ಮೇಲೆ ಎಂದೋ, ಒಂದು ಗಡ್ಡೆಯೊಳಗೆ ಮಾತ್ರ ಆದವು. ಹೆಸರು ಒಂದೇ ಆದ ಮಾತ್ರಕ್ಕೆ ಕಥೆ ಒಂದೇ ಆಗುವುದಿಲ್ಲ. ಬಾಗಿಲಿಗೆ ಹೊಡೆದ ಮೊಳೆಯೇ ಕುರ್ಚಿಯಲ್ಲೂ ಇದೆ ಎಂದುಕೊಳ್ಳಿ. ಬಾಗಿಲಿನ ಮೊಳೆ ಸಡಿಲವಾದರೆ ಕುರ್ಚಿ ಮುರಿಯುತ್ತದೆಯೇ?

ಇನ್ನೊಂದು ತಮಾಷೆ ಇದೆ. ಮಿದುಳಿನಲ್ಲಿ ಕೆಲಸ ಮಾಡುವ, ಆಟಿಸಂಗೆ ಸಂಬಂಧಪಟ್ಟ ಬಹಳ ಜೀನ್‌ಗಳು ತುಂಬಾ ಉದ್ದ. ಗಡ್ಡೆಯ ಕೋಶಗಳಲ್ಲಿ ತಪ್ಪುಗಳು ಸಿಕ್ಕಾಪಟ್ಟೆ ಆಗುತ್ತವೆ. ಉದ್ದನೆಯ ಜೀನ್ ಮೇಲೆ ಅವು ಬೀಳುವುದೂ ಜಾಸ್ತಿ. ಮಳೆ ಬಂದರೆ ದೊಡ್ಡ ಅಂಗಳದಲ್ಲಿ ಹೆಚ್ಚು ಹನಿ ಬೀಳುವುದಿಲ್ಲವೇ? ಹಾಗೆ ಬಿದ್ದ ತಪ್ಪಿಗೂ ಕ್ಯಾನ್ಸರ್‌ಗೂ ಏನೂ ನಂಟು ಇಲ್ಲದೇ ಇರಬಹುದು.

ಸರಿ, ಜೀನ್ ಬಿಡಿ, ಮನುಷ್ಯರನ್ನು ಎಣಿಸೋಣ. 2016ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರಿಗೆ ವಿಚಿತ್ರವೊಂದು ಕಂಡಿತು. ಆಟಿಸಂ ಇರುವವರ ಕ್ಯಾನ್ಸರ್ ಜೀನ್‌ಗಳಲ್ಲಿ ಅಪರೂಪದ ಬದಲಾವಣೆಗಳು ಜಾಸ್ತಿ ಇದ್ದವು. ಆದರೆ ಆಸ್ಪತ್ರೆಯ ದಾಖಲೆ ತೆಗೆದು ನೋಡಿದರೆ, ಆಟಿಸಂ ಇದ್ದ 1,837 ಮಂದಿಯಲ್ಲಿ ಕ್ಯಾನ್ಸರ್ ಇದ್ದದ್ದು ಶೇ. 1.3 ಜನರಿಗೆ. ಉಳಿದ 9,336 ರೋಗಿಗಳಲ್ಲಿ ಶೇ. 3.9! ಇದನ್ನು ಹಿಡಿದುಕೊಂಡು "ಆಟಿಸಂ ಕ್ಯಾನ್ಸರ್‌ನಿಂದ ಕಾಪಾಡುತ್ತದೆ" ಎಂದು ಕೂಗಿದವರೂ ಇದ್ದಾರೆ. ನಾನು ಕೂಗುವುದಿಲ್ಲ. ಹೋಲಿಸಿದ್ದು ಆಸ್ಪತ್ರೆಗೆ ಬಂದ ರೋಗಿಗಳ ಜೊತೆ, ಆರೋಗ್ಯವಂತರ ಜೊತೆ ಅಲ್ಲ. ದೊಡ್ಡ ಆಸ್ಪತ್ರೆಗೆ ಕ್ಯಾನ್ಸರ್ ರೋಗಿಗಳು ಹೆಚ್ಚಾಗಿ ಬರುವುದು ಸಹಜ.

ನಾನು ನಂಬುವುದು ಸ್ವೀಡನ್‌ನ ಲೆಕ್ಕವನ್ನು. 1987ರಿಂದ 2013ರವರೆಗೆ ಅಲ್ಲಿ ಹುಟ್ಟಿದ ಸುಮಾರು 23 ಲಕ್ಷ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಆಟಿಸಂ ಇರುವವರಲ್ಲಿ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿತು. ಆದರೆ ಗುಂಪು ಬಿಡಿಸಿ ನೋಡಿದಾಗ ಚಿತ್ರವೇ ಬದಲಾಯಿತು. ಬರೀ ಆಟಿಸಂ ಇದ್ದವರಲ್ಲಿ ಏನೂ ಹೆಚ್ಚಳ ಇರಲಿಲ್ಲ. ಹೆಚ್ಚಳ ಬಹುಮಟ್ಟಿಗೆ ಇದ್ದದ್ದು ಆಟಿಸಂ ಜೊತೆ ಹುಟ್ಟಿನ ದೋಷಗಳೂ ಇದ್ದವರಲ್ಲಿ. ಅದರ ಮೇಲೆ ಬುದ್ಧಿ ಬೆಳವಣಿಗೆಯ ತೊಂದರೆಯೂ ಸೇರಿದ್ದರೆ ಇನ್ನೂ ಜಾಸ್ತಿ. ಅಂದರೆ ಯಾರನ್ನು ಪರೀಕ್ಷಿಸಬೇಕು ಎಂಬುದನ್ನು ಆ ಮಗುವಿನ ಮೈಯೇ ಹೇಳುತ್ತದೆ.

ಪರೀಕ್ಷೆ ಮಾಡಿದರೆ ನಷ್ಟ ಏನು ಎನ್ನುತ್ತೀರಾ? ಬರುವ ಉತ್ತರ ಬರೀ "ಇದೆ", "ಇಲ್ಲ" ಆಗಿದ್ದರೆ ಏನೂ ನಷ್ಟವಿಲ್ಲ. ಮೂರನೆಯ ಉತ್ತರ ಒಂದಿದೆ: "ಬದಲಾವಣೆ ಇದೆ, ಅದರ ಅರ್ಥ ಗೊತ್ತಿಲ್ಲ." ಈ ಉತ್ತರ ಅಪರೂಪವೂ ಅಲ್ಲ. ಹೋಲಿಸಿ ನೋಡುವ ಜೀನ್ ದಾಖಲೆಗಳು ಹೆಚ್ಚಾಗಿ ಯುರೋಪ್ ಮೂಲದವರದು. ಹಾಗಾಗಿ ಬೇರೆ ಮೂಲದ ಕುಟುಂಬಗಳಿಗೆ ಈ ಅರ್ಥವಿಲ್ಲದ ಉತ್ತರ ಇನ್ನೂ ಜಾಸ್ತಿ ಸಿಗುತ್ತದೆ. ಆ ಕಾಗದವನ್ನು ಕೈಯಲ್ಲಿ ಹಿಡಿದ ಅಪ್ಪ ಅಮ್ಮ ಏನು ಮಾಡಬೇಕು? ಪ್ರತಿ ಸಲ ಮಗು ಕೆಮ್ಮಿದಾಗ ಗಡ್ಡೆ ಇರಬಹುದೇ ಎಂದು ಬೆಚ್ಚಿಬೀಳಬೇಕೇ?

ಸ್ಕ್ಯಾನ್ ಎಂದರೆ ಸುಲಭದ ಮಾತು ಎಂಬಂತೆ ಪರ ವಾದದಲ್ಲಿ ಬರೆದಿದ್ದಾರೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕುತ್ತಿಗೆಗೆ ಹಚ್ಚುವ ಆ ತಣ್ಣನೆಯ ಜೆಲ್ ಸಹಿಸಲಾಗುವುದಿಲ್ಲ. ಎಂಆರ್‌ಐ ಯಂತ್ರದ ಸದ್ದಿನ ಮಾತಂತೂ ಬೇಡ. ಅಲುಗಾಡದೆ ಮಲಗಲು ಅರಿವಳಿಕೆ ಕೊಡಬೇಕಾಗುತ್ತದೆ. ನಿಜವಾಗಿ ಅಪಾಯ ಇರುವ ಮಗುವಿಗಾದರೆ ಇದೆಲ್ಲ ಮಾಡೋಣ. "ಯಾವುದಕ್ಕೂ ಇರಲಿ" ಎಂದು ವರ್ಷ ವರ್ಷ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಎವರೊಲಿಮಸ್ ಬಗ್ಗೆಯೂ ಪೂರ್ತಿ ಹೇಳಬೇಕಿತ್ತು. ಅದು ಗಡ್ಡೆಯನ್ನು ಕುಗ್ಗಿಸುತ್ತದೆ, ಹೌದು. ಆದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮಕ್ಕಳ ಕಲಿಕೆ, ನಡವಳಿಕೆಗೆ ಉಪಯೋಗವಾಗುತ್ತದೆಯೇ ಎಂದು ಪ್ರಯೋಗ ಮಾಡಿದಾಗ ಆಸೆಪಟ್ಟಷ್ಟು ಫಲ ಸಿಗಲಿಲ್ಲ. ಆ ಗಡ್ಡೆಗಳೂ ಬಹುಪಾಲು ಕ್ಯಾನ್ಸರ್ ಅಲ್ಲದವು. ಇನ್ನು ಈ ಕಾಯಿಲೆಯನ್ನು ಪತ್ತೆ ಹಚ್ಚಲು ಎಷ್ಟೋ ಸಲ ಚರ್ಮದ ಮೇಲಿನ ಬಿಳಿ ಮಚ್ಚೆಗಳು, ಫಿಟ್ಸ್ ಸಾಕು. ಅದಕ್ಕಾಗಿ ಎಲ್ಲ ಮಕ್ಕಳ ಜೀನ್ ಜಾಲಾಡಬೇಕಿಲ್ಲ.

ಇಷ್ಟೆಲ್ಲ ಮಾತಿನಲ್ಲಿ ಒಬ್ಬರನ್ನು ಯಾರೂ ಕೇಳಲೇ ಇಲ್ಲ. ದೊಡ್ಡವರಾದ ಮೇಲೆ ಬರುವ ಕಾಯಿಲೆಗೆ, ಚಿಕ್ಕಂದಿನಲ್ಲಿ ಮಾಡುವಂಥದ್ದು ಏನೂ ಇಲ್ಲದಿದ್ದರೆ, ಮಕ್ಕಳನ್ನು ಪರೀಕ್ಷಿಸಬೇಡಿ ಎಂಬುದು ತಳಿ ವೈದ್ಯರಲ್ಲಿ ಹಳೆಯ ರೂಢಿ. ಬೆಳೆದ ಮೇಲೆ ಅವರೇ ತೀರ್ಮಾನಿಸಲಿ ಎಂದು. ಆಟಿಸಂ ಇರುವ ಮಗುವಿಗೆ ಈ ಹಕ್ಕು ಇಲ್ಲವೇ? ಅವರಲ್ಲೂ ಬಹಳ ಜನ ದೊಡ್ಡವರಾಗಿ ತಮ್ಮ ಬದುಕಿನ ಬಗ್ಗೆ ತಾವೇ ನಿರ್ಧಾರ ತೆಗೆದುಕೊಳ್ಳುತ್ತಾರೆ. 2021ರಲ್ಲಿ ಬ್ರಿಟನ್‌ನಲ್ಲಿ ಆಟಿಸಂ ಇರುವ 10,000 ಜನರ ಡಿಎನ್‌ಎ ಸೇರಿಸುವ "ಸ್ಪೆಕ್ಟ್ರಮ್ 10ಕೆ" ಯೋಜನೆ ಆಗಸ್ಟ್‌ನಲ್ಲಿ ಶುರುವಾಯಿತು, ಸೆಪ್ಟೆಂಬರ್‌ನಲ್ಲಿ ತಡೆದು ನಿಲ್ಲಿಸಬೇಕಾಯಿತು. ನಮ್ಮ ಡಿಎನ್‌ಎ ನಾಳೆ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಆಟಿಸಂ ಇರುವವರೇ ಕೇಳಿದರು. ಮೇಲೆ ಎರಡೂ ಕಡೆ ಎಷ್ಟು ಸಲ ಜೀನ್ "ಕೆಟ್ಟಿದೆ" ಎಂದು ಬರೆದಿದೆಯೋ, ಅವರು ಓದಿದರೆ ಅದಕ್ಕೂ ಒಂದು ಮಾತು ಹೇಳುತ್ತಾರೆ.