ಪಿರಾನ್ಹಾ ಮೀನು ಮನುಷ್ಯನಿಗೆ ನಿಜವಾಗಿಯೂ ಅಪಾಯಕಾರಿಯೇ?

ಪರ

ಶೃಂಗೇರಿಯ ಮೆಟ್ಟಿಲುಗಳ ಮೇಲೆ ನಿಂತು ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿದವರಿಗೆ, ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನುಗಳನ್ನು ಹತ್ತಿರದಿಂದ ಕಂಡವರಿಗೆ, ಹೊಳೆಯ ಮೀನು ಮನುಷ್ಯನನ್ನು ಕಚ್ಚೀತೆಂಬ ಮಾತು ನಂಬಲಾಗದ್ದೆನಿಸುವುದು ಸಹಜ. ದಕ್ಷಿಣ ಅಮೆರಿಕದ ನದಿತೀರದವರ ಅನುಭವ ಬೇರೆಯದು. 2013ರ ಡಿಸೆಂಬರ್ 25ರಂದು ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ, ಬಿಸಿಲಿನ ಬೇಗೆ ತಾಳಲಾರದೆ ಪರಾನಾ ನದಿಗಿಳಿದಿದ್ದವರ ಪೈಕಿ ಸುಮಾರು 70 ಮಂದಿಯ ಕೈಕಾಲುಗಳನ್ನು ಪಿರಾನ್ಹಾ ಕುಲದ ಮೀನುಗಳು ಕಚ್ಚಿ ಗಾಯಗೊಳಿಸಿದವು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು.

ಈ ಮೀನಿನ ಹಲ್ಲುಗಳು ತ್ರಿಕೋನಾಕಾರದವು. ಬಾಯಿ ಮುಚ್ಚಿದಾಗ ಮೇಲಿನ ಸಾಲು ಕೆಳಗಿನ ಸಾಲಿನೊಳಗೆ ಕೂಡಿಕೊಂಡು ಕತ್ತರಿಯಂತೆ ಮಾಂಸವನ್ನು ತುಂಡರಿಸುತ್ತದೆ. ಕಪ್ಪು ಪಿರಾನ್ಹಾದ ಕಚ್ಚುವ ಬಲ ಅದರ ದೇಹತೂಕದ ಸುಮಾರು 30 ಪಟ್ಟು ಇದೆಯೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ.

ನನ್ನನ್ನು ಹೆಚ್ಚು ಕಾಡುವುದು ಹಲ್ಲಿಗಿಂತ ಅಣೆಕಟ್ಟಿನ ಸಂಗತಿ. ಆಗ್ನೇಯ ಬ್ರೆಜಿಲ್‌ನಲ್ಲಿ ನದಿಗಳಿಗೆ ಕಟ್ಟೆ ಹಾಕಿದ ಮೇಲೆ ನೀರು ನಿಂತು, ಜಲಸಸ್ಯಗಳು ಬೆಳೆದು, ಪಿರಾನ್ಹಾಗಳು ಮೊಟ್ಟೆಯಿಡಲು ಅನುಕೂಲವಾಯಿತು. ಅಂಥ ಕಡೆ ಸ್ನಾನಕ್ಕಿಳಿದವರು ಕಚ್ಚಿಸಿಕೊಂಡ ಪ್ರಕರಣಗಳು ವೈದ್ಯರ ದಾಖಲೆಗೆ ಬಂದಿವೆ. ಲಿಂಗನಮಕ್ಕಿಯ ನಂತರದ ಶರಾವತಿಯನ್ನು ಕಂಡ ಮಲೆನಾಡಿನವರಿಗೆ, ಹರಿಯುವ ಹೊಳೆ ಹಿನ್ನೀರಾದಾಗ ಏನೆಲ್ಲ ಬದಲಾಗುತ್ತದೆಂದು ವಿವರಿಸಬೇಕಿಲ್ಲ. ಮನುಷ್ಯ ಹೊಳೆಗಳನ್ನು ತಡೆಯುತ್ತಾ ಹೋದಷ್ಟೂ ಈ ಅಪಾಯ ಜನರಿರುವ ಕಡೆಗೇ ಸರಿಯುತ್ತಿರುವಾಗ, ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಮಕ್ಕಳನ್ನು ನೀರಿಗಿಳಿಸುವ ತಂದೆತಾಯಿಗಳಿಗೆ ಮಾಡುವ ಅನ್ಯಾಯ.

ವಿರೋಧ

ಮೇಲಿನ ಘಟನೆಗಳು ನಡೆದಿರುವುದು ನಿಜ; ಅವುಗಳಿಂದ ಎಳೆದ ತೀರ್ಮಾನವನ್ನು ನಾನು ಒಪ್ಪಲಾರೆ. ಬ್ರೆಜಿಲ್‌ನ ಆ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಬಿದ್ದದ್ದು ಒಂದೇ ಕಡಿತ. ಅದು ಬೇಟೆಯ ಲಕ್ಷಣವಲ್ಲ, ಮೊಟ್ಟೆಮರಿಗಳನ್ನು ಕಾಯುವ ಮೀನು ಹತ್ತಿರ ಬಂದವರನ್ನು ಅಟ್ಟುವ ರೀತಿ. ಕರು ಹಾಕಿದ ಹಸು ಮನೆಯವರನ್ನೇ ಹಾಯಲು ಬರುವುದನ್ನು ನಮ್ಮ ಕೊಟ್ಟಿಗೆಗಳಲ್ಲಿ ಕಂಡಿದ್ದೇವೆ. ಅದಕ್ಕಾಗಿ ಹಸುವನ್ನು ಯಾರೂ ಕ್ರೂರಪ್ರಾಣಿಯೆಂದು ಕರೆದಿಲ್ಲ.

ಈ ಮೀನಿಗೆ ಕೆಟ್ಟ ಹೆಸರು ಅಂಟಿದ್ದರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಪಾಲು ದೊಡ್ಡದು. 1913-14ರಲ್ಲಿ ಬ್ರೆಜಿಲ್‌ನ ಕಾಡುಗಳಲ್ಲಿ ಸಂಚರಿಸಿ ಬಂದ ಅವರು, ಲೋಕದ ಅತ್ಯಂತ ಉಗ್ರ ಮೀನು ಇದೇ ಎಂಬಂತೆ ಬರೆದರು. ಆ ಚಿತ್ರ ಜನಮನದಲ್ಲಿ ನಿಂತುಬಿಟ್ಟಿತು. ಆದರೆ ಅಮೆಜಾನ್ ತೀರದ ಜನರು ಪಿರಾನ್ಹಾಗಳಿರುವ ನೀರಿನಲ್ಲೇ ಸ್ನಾನ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ, ಅದೇ ಮೀನನ್ನು ಹಿಡಿದು ಉಣ್ಣುತ್ತಾರೆ. ಪಿರಾನ್ಹಾ ಗುಂಪುಗಟ್ಟುವುದೂ ದಾಳಿಗಲ್ಲ, ಡಾಲ್ಫಿನ್, ಮೊಸಳೆಯ ಜಾತಿಯ ಕೈಮನ್, ನೀರುಕಾಗೆಗಳಿಂದ ತನ್ನನ್ನು ಕಾಪಾಡಿಕೊಳ್ಳುವುದಕ್ಕೆ ಎಂಬುದನ್ನು ಜೀವವಿಜ್ಞಾನಿ ಆನ್ ಮಗುರಾನ್ ಮತ್ತು ಅವರ ಸಹಸಂಶೋಧಕರು ತೋರಿಸಿದ್ದಾರೆ. ಹೆದರುವ ಪ್ರಾಣಿಯನ್ನೇ ನಾವು ಹೆದರಿಸುವ ಪ್ರಾಣಿಯೆಂದು ತಿಳಿದಿದ್ದೇವೆ. ಅದರ ಆಹಾರವಾದರೂ ಏನು? ಸಣ್ಣ ಮೀನು, ಬೇರೆ ಮೀನುಗಳ ರೆಕ್ಕೆಯ ಚೂರು, ಹುಳು, ಸತ್ತ ಪ್ರಾಣಿ, ನೀರಿಗೆ ಬಿದ್ದ ಹಣ್ಣು, ಬೀಜ. ಬೇಸಿಗೆಯಲ್ಲಿ ಮಡುಗಳು ಬತ್ತಿ ಆಹಾರ ತೀರಿದಾಗ ಅದು ಕೆರಳಬಹುದು. ಆ ಹೊತ್ತಿನಲ್ಲಿ, ಮೊಟ್ಟೆಯಿಡುವ ಕಾಲದಲ್ಲಿ ದೂರವಿದ್ದರೆ ಸಾಕು.

ನಮ್ಮ ಭಾಗದಲ್ಲಿ ಈ ಭಯ ಇನ್ನೊಂದು ತಪ್ಪಿಗೂ ದಾರಿಯಾಗುತ್ತದೆ. ಭಾರತದಲ್ಲಿ ಸಾಕುವ ರೂಪಚಂದ್ ಮೀನು ಪಿರಾನ್ಹಾದ ಹತ್ತಿರದ ಸಂಬಂಧಿ. ಹೊಟ್ಟೆಯ ಕೆಂಪು, ತಟ್ಟೆಯಂಥ ಮೈ ಎರಡಕ್ಕೂ ಒಂದೇ. ಬಲೆಗೆ ಅಂಥದ್ದೊಂದು ಸಿಕ್ಕಿದರೆ ಗಾಬರಿಯಾಗುವ ಮೊದಲು ಅದರ ಬಾಯಿ ತೆರೆದು ನೋಡಬೇಕು. ಹಲ್ಲುಗಳು ಚೂಪಾಗಿರದೆ ನಮ್ಮ ದವಡೆಹಲ್ಲಿನಂತೆ ಅಗಲವಾಗಿದ್ದರೆ, ಅದು ಕಾಯಿ, ಬೀಜಗಳನ್ನು ಅಗಿದು ತಿನ್ನುವ ರೂಪಚಂದ್.