ಆ ವಿಡಿಯೋದ ಮೂಲ ಫೈಲ್ ಯಾರ ಹತ್ತಿರ ಇದೆ?

ದೌರ್ಜನ್ಯದ ವಿಡಿಯೋ ಸಿಕ್ಕ ಕೂಡಲೇ ನಮ್ಮ ಹಕ್ಕುಗಳ ಸಂಘಟನೆಗಳು ಅದನ್ನು ವಾಟ್ಸಾಪ್‌ಗೆ, ಫೇಸ್‌ಬುಕ್‌ಗೆ ಹಾಕುತ್ತವೆ. ಜನ ನೋಡಬೇಕು, ಕೇಳಬೇಕು, ನಿಜ. ಆದರೆ ಆ ವಿಡಿಯೋ ನಾಳೆ ಕೋರ್ಟಿನಲ್ಲೂ ನಿಲ್ಲಬೇಕಲ್ವಾ? ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ನನಗೆ ಸಂಕಟ ಆಗುವುದು ಇಲ್ಲೇ.

2017ರ ಆಗಸ್ಟ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಕಮಾಂಡರ್ ಮಹಮೂದ್ ಅಲ್-ವೆರ್ಫಲ್ಲಿ ಮೇಲೆ ವಾರಂಟ್ ಹೊರಡಿಸಿತು. ಏಳು ಘಟನೆಗಳಲ್ಲಿ 33 ಜನರನ್ನು ಕೊಂದ, ಇಲ್ಲವೇ ಕೊಲ್ಲಿಸಿದ ಎಂಬ ಆರೋಪ. ಆ ವಾರಂಟಿಗೆ ದೊಡ್ಡ ಆಧಾರ ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿದ್ದ ವಿಡಿಯೋಗಳು. ಅವನು ಸಿಗಲೇ ಇಲ್ಲ, 2021ರಲ್ಲಿ ಬೆಂಗಾಜಿಯಲ್ಲಿ ಗುಂಡೇಟಿಗೆ ಸತ್ತ. ಆದರೂ ಫೋನಿನಲ್ಲಿ ಹಿಡಿದ ದೃಶ್ಯಕ್ಕೆ ಎಷ್ಟು ತೂಕ ಇದೆ ಅಂತ ಜಗತ್ತಿಗೆ ಗೊತ್ತಾಯಿತು.

ವಾರಂಟ್ ಬಂದ ಅದೇ 2017ರಲ್ಲಿ ಸಿರಿಯಾದವರಿಗೆ ಆಗಿದ್ದು ಬೇರೆ. ಉಗ್ರರ ಪ್ರಚಾರದ ವಿಡಿಯೋಗಳನ್ನು ಅಳಿಸಲು ಯೂಟ್ಯೂಬ್ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಳಸತೊಡಗಿತು. ಪ್ರಚಾರ ಯಾವುದು, ಅನ್ಯಾಯದ ದಾಖಲೆ ಯಾವುದು ಅಂತ ಅದಕ್ಕೆ ತಿಳಿಯಲಿಲ್ಲ. ಅಲ್ಲಿನ ಯುದ್ಧದ ನಡುವೆ ಜೀವ ಒತ್ತೆಯಿಟ್ಟು ಜನ ತೆಗೆದಿದ್ದ ಸಾವಿರಾರು ವಿಡಿಯೋಗಳು ಅಳಿಸಿಹೋದವು. ಅವನ್ನು ತೆಗೆದವರಲ್ಲಿ ಎಷ್ಟೋ ಜನ ಬದುಕಿಯೂ ಇರಲಿಲ್ಲ, ಮತ್ತೆ ಹಾಕುವವರು ಯಾರು?

ಸಿರಿಯನ್ ಆರ್ಕೈವ್ ಎಂಬ ಗುಂಪು 2014ರಿಂದಲೇ ಇಂಥ ವಿಡಿಯೋಗಳನ್ನು ಇಳಿಸಿಕೊಂಡು ಜೋಪಾನ ಮಾಡುತ್ತಿತ್ತು. ಅವರು ಕೆಲಸ ಮಾಡುವ ರೀತಿ ನೋಡಿ. ಪ್ರತಿ ಫೈಲಿಗೂ ಒಂದು ಹ್ಯಾಶ್, ಅಂದರೆ ಆ ಫೈಲಿನಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಅಕ್ಷರ-ಅಂಕಿಗಳ ಸಾಲು, ತೆಗೆದಿಡುತ್ತಾರೆ. ಅದು ಫೈಲಿನ ಬೆರಳಚ್ಚು ಇದ್ದಂತೆ, ಒಂದು ಚೂರು ತಿದ್ದಿದರೂ ಬದಲಾಗುತ್ತದೆ. ಹಿಂದೆ ಕಾಣುವ ಮಸೀದಿಯ ಗೋಪುರ, ಗುಡ್ಡ, ರಸ್ತೆಯ ತಿರುವನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಿ ಜಾಗ ಪತ್ತೆ ಮಾಡುತ್ತಾರೆ. ಅದೇ ಘಟನೆಯನ್ನು ಬೇರೆಯವರು ತೆಗೆದಿದ್ದಾರಾ ಅಂತ ಹುಡುಕುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ಲೈಕ್ ಬರುವುದಿಲ್ಲ, ಚಪ್ಪಾಳೆ ಇಲ್ಲ. ನನ್ನ ಪ್ರಕಾರ ಮಾನವ ಹಕ್ಕುಗಳ ಕೆಲಸದಲ್ಲಿ ಇವತ್ತು ಇದಕ್ಕಿಂತ ದೊಡ್ಡದು ಇಲ್ಲ.

ನಮ್ಮಲ್ಲಿ ಏನಾಗುತ್ತಿದೆ? ಹಳ್ಳಿಯಲ್ಲಿ ದಲಿತ ಹುಡುಗನಿಗೆ ಹೊಡೆದ ವಿಡಿಯೋ ಹತ್ತು ಗುಂಪು ಸುತ್ತಿ ಬರುತ್ತದೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೈಲ್ ಕುಗ್ಗುತ್ತದೆ. ಯಾವಾಗ, ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಉದುರಿಹೋಗುತ್ತದೆ. ಕೇಸು ನಡೆಯುವ ಹೊತ್ತಿಗೆ ತೆಗೆದವನ ಫೋನು ಕೆಟ್ಟಿರುತ್ತದೆ, ಇಲ್ಲವೇ ಮಾರಿರುತ್ತಾನೆ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೇಳುತ್ತದೆ. ಅದರ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ. ಸಿರಿಯಾದವರು ತಾವಾಗಿ ಮಾಡಿದ್ದನ್ನು ನಮ್ಮಲ್ಲಿ ಕಾನೂನೇ ಕೇಳುತ್ತಿದೆ. ಎಷ್ಟು ಸಂಘಟನೆಗಳ ಹತ್ತಿರ ಇದಕ್ಕೆ ತಯಾರಿ ಇದೆ?

ಸಂಘಟನೆಗಳಲ್ಲಿರುವ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಮೊದಲ ದಿನವೇ ಮೂಲ ಫೈಲ್ ಪಡೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಫೈಲ್ ಕುಗ್ಗುವುದಿಲ್ಲ. ಎರಡು ಕಡೆ ಪ್ರತಿ ಇಡಿ. ಯಾರು, ಯಾವಾಗ, ಯಾವ ಫೋನಿನಲ್ಲಿ ತೆಗೆದರು ಅಂತ ಬರೆದಿಡಿ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನೊಂದವರ ಮುಖ ಕಾಣುವ ವಿಡಿಯೋವನ್ನು ಹಾಗೇ ಹಾಕಬೇಡಿ. ಯೂಟ್ಯೂಬ್‌ನಲ್ಲಿ ಮುಖ ಮಸುಕು ಮಾಡುವ ಸೌಲಭ್ಯ 2012ರಿಂದಲೇ ಇದೆ. ಬಟ್ಟೆ ಹರಿದ ಹೆಣ್ಣುಮಗಳ ಮುಖ ಊರೆಲ್ಲ ನೋಡಿದ ಮೇಲೆ ಆಕೆಗೆ ನ್ಯಾಯ ಕೊಡಿಸುತ್ತೇವೆ ಅನ್ನುವುದಕ್ಕೆ ನಮಗೆ ಬಾಯಿ ಎಲ್ಲಿದೆ? ಆಕೆಯನ್ನು ಕೇಳಿ. ಬೇಡ ಅಂದರೆ ಆ ವಿಡಿಯೋ ವಕೀಲರ ಕೈಗೆ ಮಾತ್ರ ಹೋಗಲಿ.