ಮಿಕ್ಸರ್ ಹಾಕಿದಾಗ ಬರುವ ಮಾತು

ನಮ್ಮ ಮನೆಯವರಿಗೆ ಮಾತು ಕಮ್ಮಿ. ಬೆಳಗ್ಗೆ ಎದ್ದು, ಚಹಾ ಕುಡಿದು, ಪೇಪರ್ ಮಡಚಿಡುವ ತನಕ 'ಹೂಂ' ಬಿಟ್ಟರೆ ಬೇರೆ ಶಬ್ದ ಬರುವುದಿಲ್ಲ. ಆದರೆ ನಾನು ಜಾರಿಗೆ ಹುರಿದ ಶೇಂಗಾ ಸುರಿದು, ಮುಚ್ಚಳ ಒತ್ತಿ ಹಿಡಿದು, ಮಿಕ್ಸರಿನ ಕಿವಿ ತಿರುಗಿಸಿದೆ ಅನ್ನಿ, ಆಗ ಶುರು. ಕರೆಂಟ್ ಬಿಲ್ಲು, ಮಗನ ಫೀಸು, ಆಲಮಟ್ಟಿ ಡ್ಯಾಮಿನ ನೀರು, ಎಲ್ಲಾ ಆಗಲೇ ನೆನಪಾಗಬೇಕು.

ನಾನು ನಿಲ್ಲಿಸುತ್ತೇನೆ. "ಏನ್ರೀ?"

"ಏನಿಲ್ಲ, ನಡೀಲಿ ನಿಂದು."

ಮತ್ತೆ ತಿರುಗಿಸುತ್ತೇನೆ. ಮತ್ತೆ ತುಟಿ ಅಲ್ಲಾಡುತ್ತದೆ. ಮತ್ತೆ ನಿಲ್ಲಿಸುತ್ತೇನೆ. "ಏನಂದ್ರಿ?"

"ಆಗ್ಲೇ ಹೇಳಿದ್ನಲ್ಲಾ!"

ಇಷ್ಟೆಲ್ಲ ಯಾಕೆ, ಸುಮ್ನೆ ತಲೆ ಆಡಿಸಿದರೆ ಆಯಿತಲ್ಲ ಅನ್ನಬಹುದು ನೀವು. ಆದರೆ ಆ ತಲೆಯಾಟಕ್ಕೆ ನಮ್ಮ ಮನೆಯಲ್ಲಿ ಸಹಿಯ ಬೆಲೆ ಇದೆ. ಹೋದ ಶ್ರಾವಣದಲ್ಲಿ ಹಾಗೆ ಆಡಿಸಿದ್ದಕ್ಕೆ ಬಾಗಲಕೋಟೆಯಿಂದ ಅವರ ಕಾಕಾನ ಇಡೀ ಕುಟುಂಬ ಬಂದಿಳಿಯಿತು. "ನಿನ್ನ ಕೇಳೇ ಕರದೀನಿ" ಅಂದರು.

ನಮ್ಮದು ವಿಜಯಪುರ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಕಡೆ ಗೋಡೆಗೆ ಮುಖ ಇಟ್ಟು ಪಿಸುಗುಟ್ಟಿದರೆ ಆ ಕಡೆ ಕೂತವರಿಗೆ ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ. ನಡುವೆ ಸುಮಾರು 38 ಮೀಟರ್ ಖಾಲಿ ಜಾಗ. ಅದೇ ಊರಿನ ನಮ್ಮ ಅಡುಗೆಮನೆಯಲ್ಲಿ ಎರಡು ಮಾರು ದೂರ ನಿಂತ ಗಂಡನ ಮಾತು ಕೇಳುವುದಿಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ಮಿಕ್ಸರ್ ಇರಲಿಲ್ಲ, ಗೆದ್ದರು.

ಈ ಮಿಕ್ಸರ್ ಬಂದದ್ದೂ ಹೀಗೇ. ಹಳೆಯದರಲ್ಲಿ ಜಾರನ್ನು ಮೋಟರಿಗೆ ಜೋಡಿಸುವ ರಬ್ಬರ್ ಕಪ್ಲರ್ ಸವೆದು, ಮೋಟರ್ ಒಂದು ಕಡೆ, ಜಾರು ಒಂದು ಕಡೆ ಆಗಿತ್ತು. ಕಪ್ಲರ್ ಬದಲಿಸಿದರೂ ಸುಖ ಇಲ್ಲ, ಕಾರ್ಬನ್ ಬ್ರಶ್ಶೂ ತೀರಿದೆ ಅಂದ ರಿಪೇರಿಯವ. ಸರಿ, ಗಾಂಧಿ ಚೌಕದ ಹತ್ತಿರದ ಅಂಗಡಿಗೆ ಹೋದೆವು. ಹುಡುಗ ಮೂರು ತೆಗೆದಿಟ್ಟ. 500 ವ್ಯಾಟ್, 750, 1000. ನಾನು 750ರ ಮೇಲೆ ಕೈ ಇಟ್ಟೆ. ಮಿಲ್ಕ್‌ಶೇಕ್ ಮಾಡುವವರಿಗೆ ಯಾವುದಾದರೂ ನಡೆದೀತು. ನಮ್ಮದು ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ಹಬ್ಬ ಬಂದರೆ ಹೂರಣ. ಬೇಳೆ ಬೆಲ್ಲ ಕೂಡಿ ಬ್ಲೇಡಿಗೆ ಅಂಟಿಕೊಂಡಿತೋ, ಮೋಟರ್ ತಿರುಗಲಾರದೆ ಜಾಸ್ತಿ ಕರೆಂಟ್ ಎಳೆದು ಕಾಯತೊಡಗುತ್ತದೆ.

"500 ಸಾಕು. ಕರೆಂಟ್ ಉಳೀತದ" ಅಂದರು ಇವರು. ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ನಿಮಿಷ ಓಡಿಸಿದರೆ, ಆ 250 ವ್ಯಾಟ್ ಉಳಿಸಿ ಉಳಿಸಿ ಒಂದು ಯೂನಿಟ್ ಆಗಲು ಒಂದೂವರೆ ತಿಂಗಳು ಬೇಕು. ಇದನ್ನು ಬಿಡಿಸಿ ಹೇಳಬೇಕು ಅನ್ನುವಷ್ಟರಲ್ಲಿ ಹುಡುಗ ತೋರಿಸಲಿಕ್ಕೆಂದು ಖಾಲಿ ಜಾರು ಕೂರಿಸಿ ಸ್ವಿಚ್ ಹಾಕಿದ. ಖಾಲಿ ತಿರುಗುವಾಗ ಆ ಮೋಟರ್ ನಿಮಿಷಕ್ಕೆ 18 ಸಾವಿರದ ಆಸುಪಾಸು ಸುತ್ತು ಹೊಡೆಯುತ್ತದೆ. ಆ ಗದ್ದಲದಲ್ಲಿ ಇವರ ತುಟಿ ಅಲ್ಲಾಡಿತು. ಸದ್ದು ನಿಂತಾಗ 500ರದಕ್ಕೆ ರೊಕ್ಕ ಎಣಿಸಿ ಕೊಟ್ಟಾಗಿತ್ತು.

1960ರ ದಶಕದಲ್ಲಿ ಮುಂಬೈಯಲ್ಲಿ ಸತ್ಯಪ್ರಕಾಶ್ ಮಾಥುರ್ ಅಂತ ಒಬ್ಬ ಎಂಜಿನಿಯರ್ ಇದ್ದರು. ಹೆಂಡತಿಯ ವಿದೇಶಿ ಮಿಕ್ಸರ್ ನಮ್ಮ ಅಡುಗೆಯ ಭಾರ ತಾಳದೆ ಕೆಟ್ಟಿತು ಅಂತ ತಾವೇ ಗಟ್ಟಿ ಮೋಟರಿನದೊಂದು ಮಾಡಿದರು. ಸುಮೀತ್ ಮಿಕ್ಸರ್ ಹುಟ್ಟಿದ್ದು ಹಾಗೆ. ಅಂಥ ಗಂಡಂದಿರೂ ಇರುತ್ತಾರೆ.

ಇಂಡಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಬೀಸುವ ಕಲ್ಲಿತ್ತು. ನಸುಕಿನಲ್ಲಿ ಅಜ್ಜಿ, ದೊಡ್ಡವ್ವ ಎದುರುಬದುರು ಕೂತು ಗೂಟಕ್ಕೆ ಕೈ ಹಚ್ಚಿದರೆ ಹಾಡು ತಾನಾಗಿ ಬರುತ್ತಿತ್ತು. ಮೂರು ಮೂರು ಸಾಲಿನ ಹಾಡು. ತವರಿನದು, ಅಣ್ಣನದು, ಅತ್ತೆಯದು. ಹಾಡು ಮುಗಿದರೆ ಓಣಿಯ ಸುದ್ದಿ. ಹಾಸಿಗೆಯಲ್ಲಿ ಮಲಗಿದ್ದ ನನಗೂ ಪ್ರತಿ ಮಾತೂ ಕೇಳುತ್ತಿತ್ತು. ಅವರ ರಟ್ಟೆ ನೋವು ನನಗೆ ಬೇಡ, ನಿಜ. ಆ ಮಾತು ಮಾತ್ರ ಎಲ್ಲಿ ಹೋಯಿತೋ.

ಇರಲಿ. ಮೊನ್ನೆ ಭಾನುವಾರದ್ದು ಕೇಳಿ. ನನ್ನ ತಂಗಿ, ಅವಳ ಗಂಡ ಹೋಳಿಗೆ ಊಟಕ್ಕೆ ಬಂದಿದ್ದರು. ಹೊರಗೆ ಕೂರಿಸಿ ಸಂಡಿಗೆ ಕೊಟ್ಟು ಬಂದು ಹೂರಣ ಹಾಕಿದೆ. ಹಿಂದೆಯೇ ಇವರು ಬಂದರು. ಈ ಸಲ ಮಿಕ್ಸರಿನ ಸದ್ದು ಅವರಿಗೆ ಬೇಕಾಗೇ ಇತ್ತು. ಹೊರಗಿನವರಿಗೆ ಕೇಳಬಾರದ ಮಾತು ನೋಡಿ. ಏನೋ ಅಂದರು. ನಾನು ಹುಬ್ಬು ಏರಿಸಿದೆ. ಇನ್ನಷ್ಟು ಜೋರಾಗಿ ಅಂದರು. ನಾನು ಕಿವಿ ತೋರಿಸಿದೆ. ಇವರಿಗೆ ಸಿಟ್ಟು ಬಂತು. ಎದೆ ತುಂಬ ಉಸಿರು ಎಳೆದುಕೊಂಡು, ಕತ್ತಿನ ನರ ಉಬ್ಬಿಸಿ, ಬಾಯಿ ತೆರೆದರು. ಅದೇ ಗಳಿಗೆಗೆ ಹೂರಣ ಬ್ಲೇಡನ್ನು ಹಿಡಿದುಕೊಂಡಿತು. ಮಿಕ್ಸರ್ ಗಪ್ಪನೆ ನಿಂತಿತು. ಇವರು ನಿಲ್ಲಲಿಲ್ಲ.

"...ನಿನ್ನ ತಂಗಿ ಗಂಡ ಬೋರ್ ಹಾಕ್ಸಾಕ ಇಸಗೊಂಡ ರೊಕ್ಕ ಯಾವಾಗ ಕೊಡ್ತಾನಂತ?"

ಗೋಳಗುಮ್ಮಟದಲ್ಲಾಗಿದ್ದರೆ ಏಳು ಸಲ ಕೇಳಿಸುತ್ತಿತ್ತು. ಇಲ್ಲಿ ಒಂದೇ ಸಲ, ಆದರೆ ಸ್ವಚ್ಛವಾಗಿ. ಹೊರಗೆ ಸಂಡಿಗೆ ಮುರಿಯುವ ಸದ್ದು ನಿಂತಿತು.

ಏನು ಮಾಡಲಿ? ಜಾರು ತೆಗೆದಿಟ್ಟು ಮಿಕ್ಸರ್ ಮಗುಚಿದೆ. ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದಲ್ಲ, ಭಾರ ಹೆಚ್ಚಾದರೆ ಮೋಟರ್ ಸುಡದಿರಲಿ ಅಂತ ಅದು ಹೊರಗೆ ಜಿಗಿದು ಕರೆಂಟ್ ಕಡಿಯುತ್ತದೆ. ಕೂಡಲೇ ಒತ್ತಿದರೆ ಕೂರುವುದಿಲ್ಲ, ಮೋಟರ್ ಆರಬೇಕು. ಬೇಕಾದಾಗ ಒಂದು ಸದ್ದಿಲ್ಲ ನೋಡಿ ಮನೆಯಲ್ಲಿ. ಇವರು ಗುಂಡಿಯನ್ನು ಮೊದಲ ಸಲ ನೋಡಿದವರಂತೆ ಬಗ್ಗಿ ಬಗ್ಗಿ ನೋಡಿದರು. ಹೊರಗೆ ತಂಗಿ ಯಾರೂ ಕೇಳದೆಯೇ "ಬೋರಿಗೆ ಇನ್ನೂ ನೀರು ಬಿದ್ದಿಲ್ಲ" ಅಂದಳು. ಊಟಕ್ಕೆ ಕೂತಾಗ ಎಲ್ಲರೂ ಹೋಳಿಗೆಯನ್ನು ಜಾಸ್ತಿಯೇ ಹೊಗಳಿದರು. ನನ್ನ ಸಿಟ್ಟು ತೀರಿಸಿಕೊಳ್ಳಲು ಹೂರಣವೇ ಸಿಕ್ಕಿತು, ಜಾರಿನ ತಳ ಕೆರೆದೇ ಕೆರೆದೆ.

ಸಂಜೆ ಇವರ ಫೋನು ಟಿಣ್ ಅಂದಿತು. ಅರ್ಧ ರೊಕ್ಕ ಬಂದಿತ್ತು.

"ನೋಡಿದ್ಯಾ? 750 ತಂದಿದ್ರ ಇದು ನಿಲ್ತಿತ್ತೇನು?" ಅಂದರು. ಮಿಕ್ಸರ್ ಬಂದ್ ಇದ್ದಾಗಲೇ ಅಂದರು, ಪೂರಾ ಕೇಳಿಸಿತು. "ಉಳಿದದ್ದಕ್ಕ ದೀಪಾವಳಿಗೆ ಕರೆಯೋಣು. ಹೂರಣ ಒಂಚೂರು ಗಟ್ಟಿ ಮಾಡು."